ತಾಳಿದವರು, ಬಾಗಿದವರು, ಮರಳಿದವರು: ಕೊಂಗುನಾಡಿನ ಕ್ರೈಸ್ತ ಸಮುದಾಯದ ಸಂಕಟ ಮತ್ತು ವಿಶ್ವಾಸ

ಕ್ರೈಸ್ತ ಧರ್ಮದ ಚರಿತ್ರೆಯಲ್ಲಿ ಸಂಕಟವನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಹುತಾತ್ಮರನ್ನು ಕುರಿತ ಬರವಣಿಗೆಯೇ ಆಗಿದೆ. ಹಿಂಸೆಗೆ ಬಗ್ಗದೆ ಪ್ರಾಣ ಕೊಟ್ಟವರ ಹೆಸರುಗಳು ಸಭೆಯ ಪಂಚಾಂಗದಲ್ಲಿ ಉಳಿದಿವೆ. ಅವರ ಸಮಾಧಿಗಳು ಯಾತ್ರಾಸ್ಥಳಗಳಾಗಿವೆ. ಆದರೆ ಯಾವುದೇ ನಾಡಿನಲ್ಲಿ ಯುದ್ಧ, ಸೆರೆ, ರೋಗ, ಕ್ಷಾಮಗಳು ಎರಗಿದಾಗ ಹುತಾತ್ಮರಾದವರು ಕೆಲವರು ಮಾತ್ರ. ಉಳಿದವರು ಊರು ಬಿಟ್ಟು ಓಡಿದರು, ಬಲವಂತಕ್ಕೆ ಮಣಿದರು, ಗಂಜಿಗಾಗಿ ಕೈಚಾಚಿದರು, ಹೊತ್ತ ಹೊಣೆಯನ್ನು ನಡುವೆಯೇ ಇಳಿಸಿದರು. ಇವರ ವಿಶ್ವಾಸವನ್ನು ಚರಿತ್ರೆ ಹೇಗೆ ಅಳೆಯಬೇಕು?

ಈ ಪ್ರಶ್ನೆ ಹೊಸದಲ್ಲ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸ್ ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಅರ್ಪಿಸಿ ಅದಕ್ಕೆ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದಾಗ ಅಸಂಖ್ಯ ಕ್ರೈಸ್ತರು ಆಜ್ಞೆಗೆ ಮಣಿದರು. ಹಿಂಸೆ ತಗ್ಗಿದ ಮೇಲೆ ಅವರು ಸಭೆಗೆ ಮರಳಿ ಬಂದು ನಿಂತರು. 'ಬಿದ್ದವರು' ಎಂದು ಕರೆಸಿಕೊಂಡ ಇವರಿಗೆ ಬಾಗಿಲು ತೆರೆಯಬಾರದೆಂದು ರೋಮಿನ ನೊವೇಷಿಯನ್ ವಾದಿಸಿದನು. ಪ್ರಾಯಶ್ಚಿತ್ತದ ನಂತರ ಅವರನ್ನು ಸೇರಿಸಿಕೊಳ್ಳಬಹುದೆಂದು ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್ ನಿರ್ಧರಿಸಿದನು. ಸ್ವತಃ ಸಿಪ್ರಿಯನ್ ಆ ಮೊದಲ ಹಿಂಸೆಯ ಕಾಲದಲ್ಲಿ ಅಡಗಿಕೊಂಡಿದ್ದವನು; ಎಂಟು ವರ್ಷಗಳ ನಂತರ, 258ರಲ್ಲಿ, ಖಡ್ಗಕ್ಕೆ ಕೊರಳೊಡ್ಡಿದವನೂ ಅವನೇ. ಬಿದ್ದವರಿಗೂ ತಾಳಿದವರಿಗೂ ನಡುವಿನ ಗೆರೆ ಒಂದೇ ವ್ಯಕ್ತಿಯ ಬಾಳಿನಲ್ಲಿಯೂ ಹಾದುಹೋಗಬಲ್ಲದೆಂಬುದಕ್ಕೆ ಇದು ಹಳೆಯ ನಿದರ್ಶನ.

ಇಂದಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕ್ರೈಸ್ತ ಸಮುದಾಯಗಳ ಚರಿತ್ರೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಓದಿದರೆ ಅದರ ಆಕಾರವೇ ಬದಲಾಗುತ್ತದೆ. ಹುತಾತ್ಮರ ದೊಡ್ಡ ಪರಂಪರೆ ಇಲ್ಲದ ಈ ನಾಡಿನಲ್ಲಿ ವಿಶ್ವಾಸವು ಉಳಿದುಬಂದದ್ದು ಬಗ್ಗದಿರುವುದರಿಂದಲ್ಲ, ಬಾಗಿದ ಮೇಲೂ ಮರಳುವುದರಿಂದ. ಹದಿನೇಳನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗಿನ ನಾಲ್ಕು ಸಂದರ್ಭಗಳ ಪರಿಶೀಲನೆಯಿಂದ ಈ ಮಾತು ಸ್ಪಷ್ಟವಾಗುತ್ತದೆ.

ನೆಲ, ಆಳ್ವಿಕೆ, ಭಾಷೆ

ಕೊಂಗುನಾಡಿನ ಕ್ರೈಸ್ತ ಚರಿತ್ರೆ ಕನ್ನಡದ ಓದುಗರಿಗೆ ಹೊರಗಿನ ವಿಷಯವಲ್ಲ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಿಂದ ಆರಂಭವಾಗಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಗಟ್ಟಿಗೊಂಡು, 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಈ ಪ್ರದೇಶ ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. ಕನ್ನಡವು ಒಂದು ಕಡೆ ಆಡಳಿತದ ಭಾಷೆಯಾಗಿಯೂ ಇನ್ನೊಂದು ಕಡೆ ದೇವಾಂಗ ನೇಕಾರರು, ಒಕ್ಕಲಿಗರು, ಕುರುಬರು ಮೊದಲಾದ ಸಮುದಾಯಗಳ ಮನೆಮಾತಾಗಿಯೂ ಇಲ್ಲಿ ನೆಲೆಸಿತು. ನಂತರದ ಗಡಿಗಳು ಈ ಹಂಚಿಕೆಗೆ ಹೊಂದುವುದಿಲ್ಲ. ನೀಲಗಿರಿ 1868ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಕೊಳ್ಳೇಗಾಲ 1956ರವರೆಗೆ ಅದೇ ಜಿಲ್ಲೆಯ ತಾಲ್ಲೂಕಾಗಿತ್ತು. ಮಿಷನರಿಗಳು ತೊಡಗಿಸಿಕೊಂಡ ಮೊದಲ ಧರ್ಮಕೇಂದ್ರಗಳಲ್ಲಿ ಒಂದಾದ ಸತ್ಯಮಂಗಲ ಈಗ ಈರೋಡು ಜಿಲ್ಲೆಯಲ್ಲಿದೆ. 2009ರಲ್ಲಿ ರಚನೆಯಾದ ತಿರುಪ್ಪೂರು ಜಿಲ್ಲೆಗೆ ಧಾರಾಪುರ, ಕಾಂಗೇಯಂಗಳು ಸೇರಿದವು. ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ದಾರಿಯಲ್ಲಿರುವ ಕರುಮತ್ತಂಪಟ್ಟಿ ಈ ಎಲ್ಲ ಬದಲಾವಣೆಗಳ ನಡುವೆ ಕ್ರೈಸ್ತ ಸ್ಮೃತಿಯ ಕೇಂದ್ರವಾಗಿ ಉಳಿದುಕೊಂಡಿದೆ. ಅಲ್ಲಿಯ ಜಪಮಾಲೆ ಮಾತೆಯ ದೇವಾಲಯ 2019ರಲ್ಲಿ ಬಸಿಲಿಕಾ ಪದವಿಗೆ ಏರಿತು.

ಆರಿಸಿಕೊಂಡ ಕಷ್ಟ, ಆರಿಸದೆ ಬಂದ ಕಷ್ಟ

ಮೈಸೂರು ಸೀಮೆಯಲ್ಲಿ ಯೇಸುಸಭೆಯ ಕೆಲಸಕ್ಕೆ ಅಡಿಪಾಯ ಹಾಕಿದವರು ಇಟಲಿಯ ಲಿಯೊನಾರ್ಡೊ ಚಿನ್ನಾಮಿ. 1649ರ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ ನೆಲೆ ನಿಂತ ಅವರು ಕನ್ನಡವನ್ನು ಕಲಿತು ವ್ಯಾಕರಣವನ್ನೂ ನಿಘಂಟನ್ನೂ ಧರ್ಮೋಪದೇಶದ ಕೃತಿಗಳನ್ನೂ ರಚಿಸಿದರು. 1606ರಲ್ಲಿ ಮದುರೆಗೆ ಬಂದ ರೊಬೆರ್ತೊ ದೆ ನೊಬಿಲಿ ರೂಪಿಸಿದ ಮಾರ್ಗವನ್ನೇ ಈ ಮಿಷನ್ ಅನುಸರಿಸಿತು. ಕಾವಿ ಬಟ್ಟೆ, ಮಾಂಸ ಮದ್ಯಗಳ ವರ್ಜನೆ, ಮಿತವಾದ ಆಹಾರ, ಕಾಲ್ನಡಿಗೆಯ ಸಂಚಾರ ಇವು ಆ ಜೀವನದ ಲಕ್ಷಣಗಳು. ಮೇಲುಜಾತಿಗಳ ನಡುವೆ ಸನ್ಯಾಸಿಯಾಗಿ, ಇತರರ ನಡುವೆ ಪಂಡಾರಸ್ವಾಮಿಯಾಗಿ ಬದುಕುವ ಎರಡು ವೇಷಗಳು ಬಳಕೆಗೆ ಬಂದವು.

ಇದು ಆರಿಸಿಕೊಂಡ ಕಷ್ಟ. ತಪಸ್ಸನ್ನು ಗೌರವಿಸುವ ಸಮಾಜದಲ್ಲಿ ತಪಸ್ವಿಯ ಬಾಳೇ ಬೋಧನೆಯ ಮೊದಲ ವಾಕ್ಯವೆಂದು ಈ ಪಾದ್ರಿಗಳು ಅರಿತಿದ್ದರು. ಶಿಲುಬೆಯ ಸಂಕಟವನ್ನು ಕುರಿತ ಮಾತು ದೇಹವನ್ನು ದಂಡಿಸಿದವನ ಬಾಯಿಂದ ಬಂದಾಗ ಮಾತ್ರ ಕೇಳುವವರ ಕಿವಿಗೆ ತಲುಪುತ್ತಿತ್ತು. ಆದರೆ ಅವರ ಮಾತು ಕೇಳಿ ಜ್ಞಾನಸ್ನಾನ ಪಡೆದವರ ಕಷ್ಟ ಬೇರೆ ಬಗೆಯದು, ಅದು ಆರಿಸಿಕೊಂಡದ್ದಲ್ಲ. ಮದುರೆ ಮತ್ತು ಮೈಸೂರು ರಾಜ್ಯಗಳ ಗಡಿಯಾಗಿದ್ದ ಸತ್ಯಮಂಗಲದ ಕಣಿವೆ ಸೈನ್ಯಗಳ ದಾರಿಯಾಗಿತ್ತು. ತಿರುಮಲ ನಾಯಕನ ಕೊನೆಯ ವರ್ಷಗಳಲ್ಲಿ, ಅಂದರೆ 1650ರ ದಶಕದಲ್ಲಿ, ನಡೆದ 'ಮೂಗು ಕೊಯ್ಯುವ ಯುದ್ಧ'ದ ಭೀಕರ ವಿವರಗಳು ಯೇಸುಸಭೆಯ ಪತ್ರಗಳಲ್ಲಿ ದಾಖಲಾಗಿವೆ. ಸೋತವರ ಮೂಗುಗಳನ್ನು ಕೊಯ್ದು ರಾಜಧಾನಿಗೆ ಕಳುಹಿಸುತ್ತಿದ್ದ ಆ ಯುದ್ಧದಲ್ಲಿ ಹಳ್ಳಿಯ ಕ್ರೈಸ್ತನೂ ಅವನ ನೆರೆಯವನೂ ಸಮಾನವಾಗಿ ಬಲಿಯಾದರು.

ಇದರ ಜೊತೆಗೆ ಹೊಸ ವಿಶ್ವಾಸಿಗೆ ಮಾತ್ರ ಮೀಸಲಾದ ಕಷ್ಟವೊಂದಿತ್ತು: ಬಂಧುಬಳಗದಿಂದ ದೂರವಾಗುವುದು. ಮದುವೆ, ಸಾವು, ಊರ ಹಬ್ಬಗಳಲ್ಲಿ ಪಾಲು ತಪ್ಪಿದವನಿಗೆ ರೈತಾಪಿ ಬದುಕಿನಲ್ಲಿ ಆಧಾರವೇ ಇರುತ್ತಿರಲಿಲ್ಲ. ನೊಬಿಲಿಯ ಮಾರ್ಗ ಈ ನೋವನ್ನು ಕಡಿಮೆ ಮಾಡಲು ಯತ್ನಿಸಿತು. ಜನಿವಾರ, ಶಿಖೆ, ಗಂಧದಂಥ ಕುರುಹುಗಳು ಸಾಮಾಜಿಕವಾದವು, ಧಾರ್ಮಿಕವಲ್ಲ ಎಂಬ ಅವರ ವಾದಕ್ಕೆ 1623ರಲ್ಲಿ ಜಗದ್ಗುರು ಹದಿನೈದನೆಯ ಗ್ರೆಗರಿ ಸಮ್ಮತಿ ಕೊಟ್ಟರು. ಆದರೆ ಮುಂದಿನ ಶತಮಾನದಲ್ಲಿ ಈ ಸಮ್ಮತಿಯ ವ್ಯಾಪ್ತಿ ಕುಗ್ಗುತ್ತ ಬಂದಿತು. 1704ರಲ್ಲಿ ಪುದುಚ್ಚೇರಿಯಲ್ಲಿ ಹೊರಡಿಸಿದ ಆದೇಶ, 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟರ ಆಜ್ಞೆ, ಇವೆರಡೂ 'ಮಲಬಾರ್ ಆಚರಣೆ'ಗಳೆಂದು ಕರೆಸಿಕೊಂಡ ಪದ್ಧತಿಗಳನ್ನು ಬಿಗಿಯಾಗಿ ನಿಷೇಧಿಸಿದವು. ಪ್ರತಿಯೊಬ್ಬ ಮಿಷನರಿಯೂ ಆ ನಿಷೇಧಗಳನ್ನು ಪಾಲಿಸುವುದಾಗಿ ಪ್ರಮಾಣ ಮಾಡಬೇಕಾಯಿತು. ರೋಮಿನಲ್ಲಿ ತೀರ್ಮಾನವಾದ ಈ ವಿವಾದದ ಬೆಲೆ ತೆತ್ತವರು ಊರಿಗೂ ಸಭೆಗೂ ನಡುವೆ ಸಿಲುಕಿದ ಸಾಮಾನ್ಯ ಕ್ರೈಸ್ತರು.

ಇದೇ ಕಾಲದಲ್ಲಿ ಪಾದ್ರಿಗಳ ಸಂಖ್ಯೆಯೂ ಕ್ಷೀಣಿಸಿತು. 1759ರಲ್ಲಿ ಪೋರ್ಚುಗಲ್ ತನ್ನ ರಾಜ್ಯದಿಂದ ಯೇಸುಸಭೆಯನ್ನು ಹೊರಹಾಕಿತು. 1773ರಲ್ಲಿ ಜಗದ್ಗುರುಗಳೇ ಸಭೆಯನ್ನು ವಿಸರ್ಜಿಸಿದರು. ಗೋವಾದ ಆಶ್ರಯದಲ್ಲಿದ್ದ ಮೈಸೂರು ಮಿಷನ್‌ಗೆ ಹೊಸಬರ ಆಗಮನ ನಿಂತುಹೋಯಿತು. ವರ್ಷಗಟ್ಟಲೆ ಪಾದ್ರಿಯ ಮುಖ ಕಾಣದ ಹಳ್ಳಿಗಳಲ್ಲಿ ವಿಶ್ವಾಸವನ್ನು ಕಾಯ್ದವರು ಉಪದೇಶಿಗಳು. ಮಕ್ಕಳಿಗೆ ಪ್ರಾರ್ಥನೆ ಕಲಿಸುವುದು, ಸಾಯುವ ಶಿಶುವಿಗೆ ಜ್ಞಾನಸ್ನಾನ ಕೊಡುವುದು, ಸತ್ತವರನ್ನು ಮಣ್ಣು ಮಾಡುವುದು, ಜಪಮಾಲೆಯನ್ನು ನಡೆಸುವುದು ಇವೆಲ್ಲ ಅವರ ಪಾಲಿಗೆ ಬಂದವು. ಬಲಿಪೂಜೆಗೆ ಪಾದ್ರಿ ಬೇಕು, ಜಪಮಾಲೆಗೆ ಬೇಡ. ಕೊಂಗುನಾಡಿನಲ್ಲಿ ಜಪಮಾಲೆಯ ಭಕ್ತಿ ಆಳವಾಗಿ ಬೇರೂರಿದ್ದಕ್ಕೆ ಈ ಸರಳ ಸಂಗತಿಯೂ ಕಾರಣವೆಂದು ಭಾವಿಸಬಹುದು.

ಸೆರೆ ಮತ್ತು ಮರಳುವಿಕೆ

ಹದಿನೆಂಟನೆಯ ಶತಮಾನದ ಉತ್ತರಾರ್ಧ ಕೊಂಗುನಾಡಿಗೆ ಸತತ ಯುದ್ಧದ ಕಾಲ. ಕೊಯಮತ್ತೂರು ಮತ್ತು ಧಾರಾಪುರದ ಕೋಟೆಗಳು 1768, 1783, 1790ರ ದಂಡಯಾತ್ರೆಗಳಲ್ಲಿ ಮೈಸೂರಿನಿಂದ ಕಂಪನಿಗೂ ಕಂಪನಿಯಿಂದ ಮೈಸೂರಿಗೂ ಕೈ ಬದಲಾಯಿಸುತ್ತಲೇ ಇದ್ದವು. ಪ್ರತಿ ಬಾರಿಯೂ ಧಾನ್ಯ, ದನ, ಮೇವು ಸೈನ್ಯದ ಪಾಲಾಗುತ್ತಿತ್ತು.

ಈ ಯುದ್ಧಗಳ ನಡುವೆ, 1784ರಲ್ಲಿ, ಟಿಪ್ಪು ಸುಲ್ತಾನನು ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಮಂಗಳೂರಿನ ಕ್ರೈಸ್ತರ ಸ್ಮೃತಿಯಲ್ಲಿ ಆ ವರ್ಷದ ವಿಭೂತಿ ಬುಧವಾರ ಸೆರೆಯ ದಿನವಾಗಿ ಉಳಿದಿದೆ. ಸೆರೆಯಾದವರ ಸಂಖ್ಯೆ 30,000 ಎಂಬಲ್ಲಿಂದ 60,000 ಮತ್ತು ಅದಕ್ಕೂ ಮೇಲಿನವರೆಗೆ ಬೇರೆಬೇರೆ ಆಕರಗಳಲ್ಲಿ ಕಂಡುಬರುತ್ತದೆ. ಕಾರಣದ ಬಗೆಗೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮಂಗಳೂರಿನ ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ರಾಜಕೀಯ ಶಂಕೆಯನ್ನು ಕೆಲವರು ಮುಂದಿಟ್ಟರೆ, ಮತದ ಉತ್ಸಾಹವನ್ನು ಇನ್ನು ಕೆಲವರು ಒತ್ತಿಹೇಳುತ್ತಾರೆ. 1791ರಲ್ಲಿ ಮರಾಠರ ದಾಳಿಗೆ ತುತ್ತಾದ ಶೃಂಗೇರಿ ಮಠಕ್ಕೆ ನೆರವಾದ ಅದೇ ಅರಸನ ಈ ಕ್ರಮವನ್ನು ಒಂದೇ ಪದದಲ್ಲಿ ವಿವರಿಸಿ ಮುಗಿಸುವುದು ಸಾಧ್ಯವಿಲ್ಲ. ಆದರೆ ನೊಂದವರ ನೋವು ಈ ವಿವಾದವನ್ನು ಅವಲಂಬಿಸಿಲ್ಲ. ಕುಟುಂಬಗಳು ಘಟ್ಟ ಹತ್ತಿ ನಡೆದವು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸಾವಿರಾರು ಜನ ಸತ್ತರು. ಗಂಡಸರಿಗೆ ಬಲವಂತದ ಸುನ್ನತಿಯಾಯಿತು.

ಈ ಘಟನೆಗೂ ಕೊಂಗುನಾಡಿಗೂ ಇರುವ ಸಂಬಂಧವನ್ನು ತೋರಿಸುವ ಸಾಕ್ಷಿ ಅಬ್ಬೆ ದ್ಯುಬುವಾ. ಫ್ರಾನ್ಸಿನ ಕ್ರಾಂತಿಯ ಹೊತ್ತಿನಲ್ಲಿ, 1792ರಲ್ಲಿ, ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಪಾದ್ರಿಯಾಗಿ ಭಾರತಕ್ಕೆ ಬಂದ ಅವರನ್ನು ಶ್ರೀರಂಗಪಟ್ಟಣದ ಪತನದ ನಂತರ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರಿಗೆ ಕರೆಸಿಕೊಳ್ಳಲಾಯಿತು. ಮೈಸೂರು ಮತ್ತು ಕೊಯಮತ್ತೂರು ಎರಡೂ ಆಗ ಪುದುಚ್ಚೇರಿ ಮಿಷನ್ನಿನ ಭಾಗಗಳಾಗಿದ್ದವು. ಸೆರೆಯ ಆಜ್ಞೆ ಕರಾವಳಿಗೆ ಮಾತ್ರ ಸೀಮಿತವಾಗಿರದೆ ರಾಜ್ಯದ ಎಲ್ಲ ಕ್ರೈಸ್ತರ ಮೇಲೂ ಹೊರಟಿತೆಂದು ಅವರು ಬರೆದಿದ್ದಾರೆ. ಅವರ ಅಂದಾಜಿನಲ್ಲಿ ಸೆರೆಯಾದವರು 60,000.

ದ್ಯುಬುವಾ ಅವರ ಬರವಣಿಗೆಯಲ್ಲಿ ಈ ಸಮುದಾಯದ ಬಗೆಗೆ ಎರಡು ಭಾವಗಳು ಒಟ್ಟಿಗೆ ಇವೆ. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಕಟುವಾಗಿ ತೀರ್ಪು ಕೊಡುತ್ತಾರೆ: ಅಷ್ಟು ಸಾವಿರ ಜನರಲ್ಲಿ ವಿಶ್ವಾಸವನ್ನು ಬಹಿರಂಗವಾಗಿ ಸಾರಿ ಹುತಾತ್ಮನಾಗುವ ಧೈರ್ಯ ತೋರಿದವನು ಒಬ್ಬನೂ ಇರಲಿಲ್ಲ ಎಂಬುದು ಅವರ ಕೊರಗು. ಭಾರತೀಯರ ಮತಾಂತರ ಅಸಾಧ್ಯವೆಂಬ ಅವರ ನಿರಾಶೆಯ ವಾದಕ್ಕೆ ಇದೂ ಒಂದು ಆಧಾರ. ಅದೇ ಪುಸ್ತಕದಲ್ಲಿ ಅವರು ಕನ್ನಡದ ಬೈಬಲ್ ಅನುವಾದದ ಭಾಷೆಯನ್ನೂ ಟೀಕಿಸಿದರು. ಜೇಮ್ಸ್ ಹೌ, ಹೆನ್ರಿ ಟೌನ್ಲಿ ಎಂಬ ಪ್ರಾಟೆಸ್ಟಂಟ್ ಲೇಖಕರು ಮರುವರ್ಷವೇ ಅವರಿಗೆ ಉತ್ತರ ಬರೆದರು.

ಆದರೆ ಪಾದ್ರಿಯಾಗಿ ದ್ಯುಬುವಾ ಮಾಡಿದ ಕೆಲಸ ಅವರ ತೀರ್ಪಿಗಿಂತ ಉದಾರವಾಗಿತ್ತು. ಬಲವಂತಕ್ಕೆ ಮಣಿದವರನ್ನು ಅವರು ಸಭೆಗೆ ಮರಳಿ ಸೇರಿಸಿಕೊಂಡರು. ನೊವೇಷಿಯನ್ನನ ಮಾತನ್ನು ಬರೆದ ಅದೇ ಕೈ ಸಿಪ್ರಿಯನ್ನನ ಕೆಲಸವನ್ನು ಮಾಡಿತು. ಅವರು ಕೊರತೆಯೆಂದು ಕಂಡದ್ದನ್ನು ಚರಿತ್ರೆ ಬೇರೆ ರೀತಿಯಲ್ಲಿ ನೋಡಬಹುದು. ಹದಿನೈದು ವರ್ಷಗಳ ಕಾಲ ಬೇರೆ ಹೆಸರಿನಲ್ಲಿ, ಬೇರೆ ಉಡುಪಿನಲ್ಲಿ, ಪಾದ್ರಿಯೂ ದೇವಾಲಯವೂ ಇಲ್ಲದೆ ಬಾಳಿದ ಜನರು ಬಿಡುಗಡೆಯಾದೊಡನೆ ಮರಳಿ ಬರಬೇಕಾದ ಅನಿವಾರ್ಯತೆ ಏನೂ ಇರಲಿಲ್ಲ. ಉಳಿದ ಬಹುಪಾಲು ಜನ ಬಂದರು. ಮಂಗಳೂರಿನವರು ತಮ್ಮ ಹಾಳಾದ ದೇವಾಲಯಗಳನ್ನು ಮತ್ತೆ ಕಟ್ಟಿದರು. ಮನೆಯೊಳಗೆ, ಮಕ್ಕಳ ಕಿವಿಯಲ್ಲಿ, ಹೆಂಗಸರ ಪ್ರಾರ್ಥನೆಯಲ್ಲಿ ಏನೋ ಉಳಿದುಬಂದಿರದಿದ್ದರೆ ಮರಳಲು ದಾರಿಯೇ ಇರುತ್ತಿರಲಿಲ್ಲ. ಹುತಾತ್ಮನ ಧೈರ್ಯ ಒಂದು ಗಳಿಗೆಯದು. ಇದು ಹದಿನೈದು ವರ್ಷಗಳ ಮರೆಯದಿರುವಿಕೆ.

ಸಂಕಟಕ್ಕೆ ದ್ಯುಬುವಾ ಕೊಟ್ಟ ಇನ್ನೊಂದು ಉತ್ತರವೂ ಗಮನಾರ್ಹ. ಜೆನ್ನರ್ ಕಂಡುಹಿಡಿದ ಸಿಡುಬಿನ ಲಸಿಕೆ 1802ರಲ್ಲಿ ಮುಂಬಯಿಗೆ ತಲುಪಿತು. ಸಿಡುಬನ್ನು ಅಮ್ಮನ ಆಗಮನವೆಂದು ಭಯಭಕ್ತಿಯಿಂದ ಕಾಣುತ್ತಿದ್ದ ನಾಡಿನಲ್ಲಿ ಹಸುವಿನ ಸಿಡುಬಿನ ರಸವನ್ನು ಮೈಗೆ ಸೇರಿಸಿಕೊಳ್ಳಲು ಜನ ಹಿಂಜರಿದದ್ದು ಸಹಜ. 1803-04ರಲ್ಲಿ ದ್ಯುಬುವಾ ಅವರ ಪ್ರಯತ್ನದಿಂದ ಮೈಸೂರು ಸೀಮೆಯಲ್ಲಿ 25,432 ಜನ ಲಸಿಕೆ ಹಾಕಿಸಿಕೊಂಡರೆಂದು ದಾಖಲೆ ಹೇಳುತ್ತದೆ. ಸಂಕಟವನ್ನು ದೇವರ ಇಚ್ಛೆಯೆಂದು ತಾಳುವುದನ್ನು ಬೋಧಿಸಿದ ಪಾದ್ರಿಯೇ ಅದನ್ನು ತಡೆಯಲು ಊರೂರು ತಿರುಗಿದರು. ಮೈಸೂರಿನ ಕ್ರೈಸ್ತರು ಅವರನ್ನು ದೊಡ್ಡಸ್ವಾಮಿಯವರು ಎಂದು ನೆನೆದರು. ಆ ನೆನಪಿನಲ್ಲಿ ಲಂಡನ್ನಿನ ಪುಸ್ತಕಕ್ಕೆ ಸ್ಥಾನವಿರಲಿಲ್ಲ.

ಕರುಮತ್ತಂಪಟ್ಟಿಯ ಧರ್ಮಾಧ್ಯಕ್ಷರು

ಮೂರನೆಯ ಸಂದರ್ಭದಲ್ಲಿ ಸಂಕಟ ಹೊರಗಿನಿಂದ ಬರಲಿಲ್ಲ. 1845ರಲ್ಲಿ ಪುದುಚ್ಚೇರಿಯಿಂದ ಕೊಯಮತ್ತೂರನ್ನು ಬೇರ್ಪಡಿಸಿ ಅದರ ಹೊಣೆಯನ್ನು ಫ್ರೆಂಚ್ ಪಾದ್ರಿ ಮೆಲ್ಕಿಯೋರ್ ದ ಮಾರಿಯೋಂ ಬ್ರೆಸಿಯಾಕ್ ಅವರಿಗೆ ವಹಿಸಲಾಯಿತು. 1846ರ ಅಕ್ಟೋಬರ್ 4ರಂದು ಕರುಮತ್ತಂಪಟ್ಟಿಯಲ್ಲಿ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾಯಿತು. 1850ರಲ್ಲಿ ಕೊಯಮತ್ತೂರು ಪೂರ್ಣ ಪ್ರಮಾಣದ ಅಪೊಸ್ತಲಿಕ ಪ್ರಾಂತವಾಯಿತು. ಅದೇ ವರ್ಷ ಮೈಸೂರೂ ಪ್ರತ್ಯೇಕವಾಗಿ, ಕನ್ನಡ ಮತ್ತು ಲ್ಯಾಟಿನ್ ನಿಘಂಟುಗಳ ರಚನೆಯಿಂದ ಹೆಸರಾದ ಶಾರ್ಬೊನೊ ಅವರ ವಶಕ್ಕೆ ಬಂದಿತು.

ಬ್ರೆಸಿಯಾಕ್ ಅವರಿಗೆ ಮುಖ್ಯವಾಗಿದ್ದ ಉದ್ದೇಶ ಒಂದೇ: ಈ ನೆಲದವರೇ ಪಾದ್ರಿಗಳಾಗಬೇಕು, ಕೊನೆಗೆ ಈ ನೆಲದವರೇ ಧರ್ಮಾಧ್ಯಕ್ಷರಾಗಬೇಕು. 1844ರ ಪುದುಚ್ಚೇರಿ ಸಮ್ಮೇಳನವೂ 1845ರಲ್ಲಿ ರೋಮಿನಿಂದ ಬಂದ ಸೂಚನೆಯೂ ಇದನ್ನೇ ಹೇಳಿದ್ದವು. ಆದರೆ ಕಾಗದದ ಮೇಲೆ ಒಪ್ಪಿದ್ದನ್ನು ಧರ್ಮಕೇಂದ್ರದಲ್ಲಿ ಒಪ್ಪುವುದು ಅನೇಕ ಸಹೋದ್ಯೋಗಿಗಳಿಗೆ ಕಷ್ಟವಾಯಿತು. ಭಾರತೀಯ ಪಾದ್ರಿಯನ್ನು ತಮಗೆ ಸಮಾನನೆಂದು ಕಾಣಲು ಯುರೋಪಿನ ಪಾದ್ರಿಗಳು ಸಿದ್ಧರಿರಲಿಲ್ಲ.

ಇದಕ್ಕಿಂತ ಆಳವಾದ ಗಾಯ ಮಲಬಾರ್ ಆಚರಣೆಗಳ ಪ್ರಮಾಣದ್ದು. ನೂರು ವರ್ಷಗಳ ಹಿಂದಿನ ನಿಷೇಧಗಳನ್ನು ಪಾಲಿಸುವುದಾಗಿ ಪ್ರಮಾಣ ಮಾಡಿದ್ದ ಬ್ರೆಸಿಯಾಕ್, ತಮ್ಮ ಸುತ್ತ ನಡೆಯುತ್ತಿದ್ದ ಎಷ್ಟೋ ಪದ್ಧತಿಗಳಲ್ಲಿ ಯಾವುದು ನಿಷಿದ್ಧ, ಯಾವುದು ಸಮ್ಮತ ಎಂದು ನಿರ್ಧರಿಸಲಾಗದೆ ತೊಳಲಿದರು. ಬಿಗಿಯಾಗಿ ನಡೆದರೆ ಜನ ಚದುರುತ್ತಾರೆ. ಸಡಿಲವಾಗಿ ನಡೆದರೆ ತಾನು ಮಾಡಿದ ಪ್ರಮಾಣ ಸುಳ್ಳಾಗುತ್ತದೆ. ಈ ಇಕ್ಕಟ್ಟನ್ನು ರೋಮಿನ ಮುಂದಿಟ್ಟು, ಸಮಾಧಾನ ದೊರೆಯದೆ, ಅವರು ರಾಜೀನಾಮೆ ಕೊಟ್ಟರು. 1855ರಲ್ಲಿ ಅದು ಅಂಗೀಕಾರವಾಯಿತು.

ಹುತಾತ್ಮರ ಚರಿತ್ರೆಯ ಅಳತೆಗೋಲಿನಲ್ಲಿ ಇದು ಸೋಲು. ಹೊತ್ತ ಶಿಲುಬೆಯನ್ನು ಇಳಿಸಿದ ಧರ್ಮಾಧ್ಯಕ್ಷರ ಕತೆಯೆಂದು ಇದನ್ನು ಓದಬಹುದು. ಆದರೆ ಅವರು ವಿಶ್ರಾಂತಿಗೆ ತೆರಳಲಿಲ್ಲ. 1856ರ ಡಿಸೆಂಬರ್ 8ರಂದು ಲಿಯೋನ್ ನಗರದಲ್ಲಿ ಆಫ್ರಿಕಾ ಮಿಷನ್ ಸಂಸ್ಥೆಯನ್ನು ಸ್ಥಾಪಿಸಿದರು. 1859ರ ಮೇ ತಿಂಗಳಲ್ಲಿ ಸಿಯೆರಾ ಲಿಯೋನಿನ ಫ್ರೀಟೌನ್ ಬಂದರಿನಲ್ಲಿ ಇಳಿದಾಗ ಆ ಊರಿನಲ್ಲಿ ಹಳದಿ ಜ್ವರ ಹಬ್ಬಿತ್ತು. ಆರು ವಾರಗಳಲ್ಲಿ, ಜೂನ್ 25ರಂದು, ಅವರು ತೀರಿಕೊಂಡರು. ಹೊಸ ಸಂಸ್ಥೆಯ ಮೂಲತತ್ತ್ವಗಳಲ್ಲಿ ಸ್ಥಳೀಯ ಪಾದ್ರಿಗಳನ್ನು ರೂಪಿಸುವುದು ಸೇರಿತ್ತು. ಕೊಯಮತ್ತೂರಿನಲ್ಲಿ ಈಡೇರದ ಆಸೆಯನ್ನು ಅವರು ಬೇರೆ ಖಂಡಕ್ಕೆ ಹೊತ್ತೊಯ್ದಿದ್ದರು. ಅವರನ್ನು ಕೊರೆದ ಪ್ರಮಾಣವನ್ನು ರೋಮ್ ರದ್ದುಪಡಿಸಿದ್ದು 1940ರಲ್ಲಿ, ಅವರ ರಾಜೀನಾಮೆಯ 85 ವರ್ಷಗಳ ನಂತರ.

ಈ ಪ್ರಸಂಗ ಕೊಂಗುನಾಡಿನ ಚರಿತ್ರೆಗೆ ಮುಖ್ಯವಾಗುವುದು ಇನ್ನೊಂದು ಕಾರಣದಿಂದ. ಸಭೆಯೊಳಗಿನ ನಿಯಮವೇ ವಿಶ್ವಾಸಿಯ ಸಂಕಟಕ್ಕೆ ಮೂಲವಾಗಬಲ್ಲದೆಂಬುದನ್ನು ಇದು ಬಿಡಿಸಿ ತೋರಿಸುತ್ತದೆ. ಧರ್ಮಾಧ್ಯಕ್ಷರು ತಮ್ಮ ನೆನಪುಗಳಲ್ಲಿ ಬರೆದಿಟ್ಟ ತೊಳಲಾಟ ಉಳಿದಿದೆ. ಅದೇ ನಿಯಮದ ಕೆಳಗೆ ಮದುವೆ ನಿಂತುಹೋದ ಮನೆಗಳ, ಊರ ಹಬ್ಬದಿಂದ ದೂರವಾದ ಕುಟುಂಬಗಳ ತೊಳಲಾಟವನ್ನು ಬರೆದಿಟ್ಟವರಿಲ್ಲ.

ಕ್ಷಾಮ ಮತ್ತು ಗಂಜಿಯ ಪ್ರಶ್ನೆ

1876ರಲ್ಲಿ ಎರಡೂ ಮಳೆಗಾಲಗಳು ಕೈಕೊಟ್ಟವು. ಮುಂದಿನ ಎರಡು ವರ್ಷ ಮದರಾಸು ಪ್ರಾಂತ, ಮೈಸೂರು, ಬೊಂಬಾಯಿ ಕರ್ನಾಟಕ, ಹೈದರಾಬಾದು ಸೀಮೆಗಳು ಮಹಾಕ್ಷಾಮದಲ್ಲಿ ಬೆಂದವು. ಮೈಸೂರಿನ ಜನಸಂಖ್ಯೆ 1871ರಲ್ಲಿ ಐವತ್ತು ಲಕ್ಷ ಮೀರಿದ್ದದ್ದು 1881ರಲ್ಲಿ ನಲವತ್ತೆರಡು ಲಕ್ಷದ ಹತ್ತಿರಕ್ಕೆ ಇಳಿಯಿತು. ಕೊಯಮತ್ತೂರು ಜಿಲ್ಲೆಯಲ್ಲಿ ಇದೇ ಅವಧಿಯಲ್ಲಿ 17,63,274 ಇದ್ದ ಸಂಖ್ಯೆ 16,57,690ಕ್ಕೆ ಕುಸಿಯಿತು. ಭವಾನಿ, ನೊಯ್ಯಲ್, ಅಮರಾವತಿ ನದಿಗಳ ಬದಿಯ ನೀರಾವರಿ ಭೂಮಿಯನ್ನು ಬಿಟ್ಟರೆ ಉಳಿದದ್ದು ಮಳೆಯನ್ನೂ ಬಾವಿಯನ್ನೂ ನಂಬಿದ ಹೊಲ. ಸಜ್ಜೆ, ಜೋಳ, ರಾಗಿಗಳ ನಾಡು. ಧಾನ್ಯದ ಬೆಲೆ ಏರಿದಾಗ ಬಟ್ಟೆ ಕೊಳ್ಳುವವರಿಲ್ಲದೆ ನೇಕಾರರ ಮಗ್ಗಗಳು ರೈತರ ಹೊಲಗಳಷ್ಟೇ ಬೇಗ ಬರಿದಾದವು. ಕನ್ನಡ ಮನೆಮಾತಿನ ದೇವಾಂಗ ಕುಟುಂಬಗಳಿಗೆ ಈ ಹೊಡೆತ ಎರಡು ಪಟ್ಟು.

ಸರ್ಕಾರದ ಪರಿಹಾರ ಕಾಮಗಾರಿಗಳಲ್ಲಿ 1877ರ ಆರಂಭದಿಂದ ಗಂಡಾಳಿನ ದಿನದ ಕೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಸ್ವಲ್ಪ ಚಿಲ್ಲರೆಗೆ ಇಳಿಸಲಾಯಿತು. ರಿಚರ್ಡ್ ಟೆಂಪಲ್ ಅವರ ಈ ಮಿತವ್ಯಯ ಕೆಲಸಗಾರನನ್ನು ಬದುಕಿಸಲಾರದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಪ್ರತಿಭಟಿಸಿದರು. ಇಂಥ ಹೊತ್ತಿನಲ್ಲಿ ಮಿಷನ್ನಿನ ಅಂಗಳ ಎಲ್ಲ ಜಾತಿಮತದ ಹಸಿದವರು ಸೇರುವ ಜಾಗವಾಯಿತು. ಹಾಸನ, ತುಮಕೂರುಗಳಲ್ಲಿ ವೆಸ್ಲಿಯನ್ ಮಿಷನ್ನಿನ ಅನಾಥಾಲಯಗಳು ಈ ಕ್ಷಾಮದ ಮಕ್ಕಳಿಗಾಗಿಯೇ ಹುಟ್ಟಿದವು.

ಹಸಿವಿನ ಜೊತೆಗೆ ಸಂಶಯವೂ ಬಂದಿತು. ಗಂಜಿಗಾಗಿ ಬಂದವನು ಜ್ಞಾನಸ್ನಾನ ಕೇಳಿದರೆ ಅವನು ಕೇಳುತ್ತಿರುವುದು ಏನನ್ನು? 'ಗಂಜಿ ಕ್ರೈಸ್ತರು' ಎಂಬ ಹಂಗಿಸುವ ಮಾತು ಮಿಷನ್ನಿನ ಹೊರಗೂ ಒಳಗೂ ಕೇಳಿಬಂದಿತು. ಆಂಧ್ರದ ಒಂಗೋಲಿನಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಕ್ಷಾಮದ ಕಾಲದಲ್ಲಿ ಜನರಿಗೆ ಬಕಿಂಗ್‌ಹ್ಯಾಮ್ ಕಾಲುವೆಯ ಕೆಲಸ ಒದಗಿಸಿ, ದೀಕ್ಷಾಸ್ನಾನವನ್ನು ಉದ್ದೇಶಪೂರ್ವಕವಾಗಿ ತಡೆಹಿಡಿದರು. ಪರಿಹಾರ ನಿಂತ ಮೇಲೆಯೂ ಜನ ಬಂದರು. 1878ರ ಜುಲೈ 3ರ ಒಂದೇ ದಿನ 2,222 ಮಂದಿ ದೀಕ್ಷೆ ಪಡೆದರು. ಅನ್ನ ಸಿಗುವುದು ನಿಂತ ಮೇಲೆ ಬಂದವರ ವಿಶ್ವಾಸವನ್ನು ಅನ್ನದಿಂದ ಮಾತ್ರ ವಿವರಿಸಲಾಗದು. ಆದರೆ ಅನ್ನವಿದ್ದಾಗ ಬಂದವರನ್ನು ಅದೇ ಕಾರಣಕ್ಕೆ ಅಲ್ಲಗಳೆಯುವುದೂ ಸರಿಯಲ್ಲ. ತಾನು ಸಾಯುವಾಗ ಯಾರು ಕೈಹಿಡಿದರೆಂಬುದನ್ನು ನೆನಪಿಟ್ಟುಕೊಳ್ಳುವುದು ಬಡವನ ಧರ್ಮಜಿಜ್ಞಾಸೆಯೇ ಆಗಿರಬಹುದು.

ಕೊಯಮತ್ತೂರು ಅಪೊಸ್ತಲಿಕ ಪ್ರಾಂತದಲ್ಲಿ ಇದೇ ವರ್ಷಗಳಲ್ಲಿ ನಡೆದ ಇನ್ನೊಂದು ಘಟನೆ ಈ ಚರಿತ್ರೆಯ ನಾಲ್ಕನೆಯ ಮುಖವನ್ನು ತೋರಿಸುತ್ತದೆ. ಫ್ರಾನ್ಸಿನ ನಾಂತ್ ನಗರದ ಎಲೆನ್ ದ ಶಾಪೊತೆಂ 1865ರಿಂದ ಮದುರೆ ಮಿಷನ್ನಿನಲ್ಲಿ ಸನ್ಯಾಸಿನಿಯಾಗಿದ್ದರು. ಸಂಸ್ಥೆಯೊಳಗಿನ ತೀವ್ರ ಭಿನ್ನಾಭಿಪ್ರಾಯದಿಂದಾಗಿ 1876ರಲ್ಲಿ ಅವರೂ ಸೇರಿ ಇಪ್ಪತ್ತು ಸನ್ಯಾಸಿನಿಯರು ಆ ಸಂಸ್ಥೆಯನ್ನು ತೊರೆದರು. ನೆಲೆಯಿಲ್ಲದ ಅವರಿಗೆ ಆಶ್ರಯ ದೊರೆತದ್ದು ಉದಕಮಂಡಲದಲ್ಲಿ, ಕೊಯಮತ್ತೂರಿನ ಧರ್ಮಾಧ್ಯಕ್ಷ ಜೋಸೆಫ್ ಬಾರ್ದು ಅವರ ರಕ್ಷಣೆಯಲ್ಲಿ. 1877ರ ಜನವರಿ 6ರಂದು ರೋಮ್ ಅವರ ಹೊಸ ಸಂಸ್ಥೆಗೆ ಒಪ್ಪಿಗೆ ಕೊಟ್ಟಿತು. ಅದು ಮುಂದೆ ಫ್ರಾನ್ಸಿಸ್ಕನ್ ಮಿಷನರೀಸ್ ಆಫ್ ಮೇರಿ ಎಂದು ಬೆಳೆದು ಆಸ್ಪತ್ರೆ, ಶಾಲೆ, ಅನಾಥಾಲಯಗಳ ಕೆಲಸಕ್ಕೆ ಹೆಸರಾಯಿತು. ಹೊರಬಿದ್ದವರೆಂಬ ಅಪವಾದ ಹೊತ್ತ ಮಹಿಳೆಯನ್ನು ಸಭೆ 2002ರಲ್ಲಿ ಧನ್ಯರ ಪಂಕ್ತಿಗೆ ಸೇರಿಸಿತು. ಸಂಸ್ಥೆಯ ಒಳಗಿನ ಬಿರುಕು ಇಲ್ಲಿ ಸೇವೆಯ ಹೊಸ ಬಾಗಿಲಾಯಿತು.

ಉಪಸಂಹಾರ

ಈ ನಾಲ್ಕು ಸಂದರ್ಭಗಳಲ್ಲಿ ಬರುವವರು ಸೈನ್ಯಕ್ಕೆ ಹೆದರಿ ಓಡಿದವರು, ಸೆರೆಯಲ್ಲಿ ಮಣಿದವರು, ಪದವಿ ತ್ಯಜಿಸಿದವರು, ಹಸಿವಿನಿಂದ ಬಂದವರು, ಸಂಸ್ಥೆಯಿಂದ ಹೊರಬಿದ್ದವರು. ದಕ್ಷಿಣದ ಮರವ ಸೀಮೆಯ ಓರಿಯೂರಿನಲ್ಲಿ 1693ರಲ್ಲಿ ಶಿರಚ್ಛೇದಕ್ಕೆ ಒಳಗಾದ ಜಾನ್ ಡಿ ಬ್ರಿಟ್ಟೊ ಅವರಂಥ ಸಂತನ ಪಕ್ಕದಲ್ಲಿಟ್ಟರೆ ಇವರೆಲ್ಲ ಮಸುಕಾಗಿ ಕಾಣಬಹುದು. ಆದರೆ ಕೊಂಗುನಾಡಿನ ಸಮುದಾಯ ಉಳಿದುಬಂದಿರುವುದು ಇವರ ಮೂಲಕವೇ. ಸುವಾರ್ತೆಯಲ್ಲಿ ಮೂರು ಬಾರಿ ತನ್ನ ಗುರುವನ್ನು ಅರಿಯೆನೆಂದ ಪೇತ್ರನಿಗೇ ಸಭೆಯ ಹೊಣೆ ಬಂದದ್ದನ್ನು ನೆನೆದರೆ, ಬಾಗಿ ಮರಳಿದವರನ್ನು ಕ್ರೈಸ್ತ ಚರಿತ್ರೆಯ ಅಂಚಿಗೆ ತಳ್ಳುವುದಕ್ಕೆ ಆ ಧರ್ಮದ ಒಳಗಿನಿಂದಲೂ ಆಧಾರವಿಲ್ಲ.

ಎರಡನೆಯದಾಗಿ, ಇಲ್ಲಿ ಸಂಕಟವನ್ನು ಎದುರಿಸುವುದೆಂದರೆ ತಾಳ್ಮೆ ಮಾತ್ರವಾಗಿರಲಿಲ್ಲ. ಶಿಲುಬೆಯ ಬೋಧನೆಯೂ ಸಿಡುಬಿನ ಲಸಿಕೆಯೂ ಒಬ್ಬರೇ ಪಾದ್ರಿಯಿಂದ ಬಂದವು. ತಪ್ಪಿಸಲಾಗದ ನೋವಿಗೆ ಅರ್ಥ ಕೊಡುವುದು, ತಪ್ಪಿಸಬಹುದಾದ ನೋವನ್ನು ತಪ್ಪಿಸುವುದು ಈ ಎರಡೂ ಒಂದೇ ವಿಶ್ವಾಸದ ಕೆಲಸಗಳಾಗಿ ನಡೆದವು. ಸಭೆಯ ನಿಯಮಗಳೇ ತಂದ ನೋವಿನ ಬಗೆಗೆ ಮಾತ್ರ ಉತ್ತರ ತೀರ ತಡವಾಗಿ ಬಂದಿತು.

ಮೂರನೆಯದು ಆಕರಗಳ ಮಾತು. ಈ ಚರಿತ್ರೆ ಪೋರ್ಚುಗೀಸ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಪತ್ರಗಳಲ್ಲಿ ಹೇಳಲ್ಪಟ್ಟಿದೆ. ನೊಂದವರು ಪ್ರಾರ್ಥಿಸಿದ್ದು ತಮಿಳು ಮತ್ತು ಕನ್ನಡಗಳಲ್ಲಿ. ಜ್ಞಾನಸ್ನಾನ, ಮದುವೆ, ಮರಣಗಳ ಹಳೆಯ ದಾಖಲೆ ಪುಸ್ತಕಗಳು, ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಜಪಗಳು, ಸಮಾಧಿಗಳ ಮೇಲಿನ ಬರಹಗಳು ಆ ದನಿಯ ಕುರುಹುಗಳು. ಯಾವ ವರ್ಷ ಎಷ್ಟು ಮಕ್ಕಳು ಸತ್ತರು, ಯಾವ ಮನೆ ಎಷ್ಟು ವರ್ಷದ ನಂತರ ಮತ್ತೆ ಪುಸ್ತಕದಲ್ಲಿ ಕಾಣಿಸಿಕೊಂಡಿತು ಎಂಬುದನ್ನು ಒಂದೊಂದೇ ಹೆಸರಿನಿಂದ ಗುರುತಿಸುತ್ತ ಹೋದರೆ, ಮರಳಿದವರ ಚರಿತ್ರೆಯನ್ನು ಪಾದ್ರಿಗಳ ತೀರ್ಪಿನ ಹಂಗಿಲ್ಲದೆ ಬರೆಯಬಹುದು. ಎರಡು ಭಾಷೆಗಳನ್ನೂ ಓದಬಲ್ಲ ಕೊಂಗುನಾಡಿನ ವಿದ್ವಾಂಸರಿಗೆ ಈ ಕೆಲಸ ಇತರರಿಗಿಂತ ಹತ್ತಿರದ್ದು.